ನಶೆಗೆ ಬಿದ್ದವನು ಪಾಪಿಯೋ, ರೋಗಿಯೋ?
ಬಿಜಾಪುರ ಸೀಮೆಯ ನಾಲ್ಕು ನೂರು ವರ್ಷಗಳ ಪಾಠ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಇಮಾಮರು ಸೇರಿದ ಕಡೆಯೆಲ್ಲ ಒಂದು ಮಾತು ಬಂದೇ ಬರುತ್ತದೆ. ಜುಮಾ ಮುಗಿದು ಜನ ಚದುರಿದ ಮೇಲೆ ಯಾರೋ ಒಬ್ಬ ತಂದೆ ಹಿಂದೆ ಉಳಿಯುತ್ತಾನೆ. ಇಲ್ಲವೇ ಯಾರೋ ಒಬ್ಬ ತಾಯಿ ಮನೆಯ ಬಾಗಿಲಿಗೆ ಬರುತ್ತಾಳೆ. "ಹಜರತ್, ಮಗ ಕುಡಿಯಾಕ ಹತ್ಯಾನ. ಗಾಂಜಾನೂ ಸೇದತಾನಂತ. ಏನರೆ ತಾವೀಜ್ ಕೊಡ್ರಿ" ಎಂದು ದನಿ ತಗ್ಗಿಸಿ ಕೇಳುತ್ತಾಳೆ. ಅದೇ ಮೊಹಲ್ಲಾದ ನಾಲ್ಕು ಮಂದಿ ಇನ್ನೊಂದು ದಿನ ಬಂದು, "ಅವನನ್ನ ಜಮಾತಿನಿಂದ ಹೊರಗ ಹಾಕ್ರಿ, ಉಳಿದ ಹುಡುಗರೂ ಕೆಡತಾರ" ಎನ್ನುತ್ತಾರೆ.

ತಾಯಿಗೆ ಮಗ ರೋಗಿ. ಮೊಹಲ್ಲಾಕ್ಕೆ ಅವನು ಪಾಪಿ. ಪೊಲೀಸರಿಗೆ ಅಪರಾಧಿ. ಇವರಲ್ಲಿ ಯಾರ ಮಾತು ಸರಿ ಎಂಬ ಪ್ರಶ್ನೆ ಇಂದಿನದಲ್ಲ. ನಮ್ಮ ಈ ನೆಲದಲ್ಲೇ ನಾಲ್ಕು ನೂರು ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆ. ಹಿಂದಿನವರು ಏನು ಮಾಡಿದರು, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ತಿಳಿದರೆ ನಾವು ಮಾಡಬೇಕಾದದ್ದೂ ತಿಳಿದೀತು.

ಬಿಜಾಪುರದ ತಂಬಾಕು, ಬಿಜಾಪುರದ ಶಹಜಾದಿ

ಕ್ರಿ.ಶ. 1604ರ ಸುಮಾರು. ಬಿಜಾಪುರದಲ್ಲಿ ಎರಡನೇ ಇಬ್ರಾಹೀಮ್ ಆದಿಲ್ ಶಾಹಿಯ ಆಳ್ವಿಕೆ. ಅಕ್ಬರ್ ಬಾದಷಾಹನ ದೂತ ಅಸದ್ ಬೇಗ್ ಎಂಬಾತ ಇಲ್ಲಿಗೆ ಬಂದ. ಆದಿಲ್ ಶಾಹಿ ಮನೆತನದ ಶಹಜಾದಿಯನ್ನು ಅಕ್ಬರನ ಮಗ ದಾನಿಯಾಲನೊಂದಿಗೆ ಮದುವೆ ಮಾಡಿಕೊಡುವ ಕೆಲಸ ಅದು. ಅಸದ್ ಬೇಗ್ ಬಿಜಾಪುರದ ಪೇಟೆಯಲ್ಲಿ ತಾನು ಅದುವರೆಗೆ ಕಾಣದ ಒಂದು ವಸ್ತುವನ್ನು ಕಂಡ. ಅದು ತಂಬಾಕು. ಪೋರ್ಚುಗೀಸರ ಹಡಗುಗಳಿಂದ ಕರಾವಳಿಗೆ ಇಳಿದು ಇಲ್ಲಿಗೆ ಬಂದಿತ್ತು. ಆತ ಚೆಂದದ ಒಂದು ಕೊಳವೆಯನ್ನು ಸಿದ್ಧಪಡಿಸಿ, ತಂಬಾಕಿನ ಜೊತೆಗೆ ಅಕ್ಬರನ ಮುಂದೆ ಕಾಣಿಕೆಯಾಗಿ ಇಟ್ಟ.

ಆಸ್ಥಾನದಲ್ಲಿ ಆ ದಿನ ನಡೆದ ವಾದವನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಬಾದಷಾಹ ಒಂದೆರಡು ದಮ್ಮು ಎಳೆದ. ಹಕೀಮರು ತಡೆದರು. ಇದರ ಗುಣದೋಷ ನಮ್ಮ ಗ್ರಂಥಗಳಲ್ಲಿಲ್ಲ, ಪರೀಕ್ಷಿಸದ ವಸ್ತುವನ್ನು ದೇಹಕ್ಕೆ ಕೊಡಬಾರದು ಎಂಬುದು ಅವರ ವಾದ. ಯಾವುದೇ ಪದ್ಧತಿ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂಬುದು ಅಸದ್ ಬೇಗನ ವಾದ. ಬಾದಷಾಹನಿಗೆ ಅಸದ್ ಬೇಗನ ಮಾತಿನ ಚಾತುರ್ಯ ಹಿಡಿಸಿತು. ಆದರೆ ಅವನು ತಂಬಾಕಿನ ಚಟ ಮಾಡಿಕೊಳ್ಳಲಿಲ್ಲ. ದರ್ಬಾರಿನ ಅಮೀರರು ಮಾತ್ರ ಒಬ್ಬೊಬ್ಬರಾಗಿ ತರಿಸಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಅಕ್ಬರನ ಮಗ ಜಹಾಂಗೀರ್ ತಂಬಾಕು ಸೇದುವುದನ್ನು ನಿಷೇಧಿಸಿ ಫರ್ಮಾನು ಹೊರಡಿಸಿದ. ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು, ಚಟ ಬೇರೂರಿತ್ತು. ಫರ್ಮಾನು ಕಾಗದದಲ್ಲಿ ಉಳಿಯಿತು. ಇರಾನಿಗೆ ಹೋದ ಜಹಾಂಗೀರನ ಸ್ವಂತ ರಾಯಭಾರಿ ಖಾನ್ ಆಲಮನೇ ತಂಬಾಕಿಲ್ಲದೆ ಒಂದು ಗಳಿಗೆ ಇರಲಾರದವನಾಗಿದ್ದ.

2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂತು. ಕೊಂಡವನು ಬಾಯಲ್ಲಿ ಎರಡನ್ನೂ ಕೂಡಿಸಿಕೊಂಡ. ಆಗಿನ ಕಥೆಯೇ ಈಗಲೂ.

ಇಬ್ಬರು ಅಣ್ಣತಮ್ಮಂದಿರು

ಶಹಜಾದಿಯ ಕಥೆ ಇನ್ನೂ ದುಃಖದ್ದು. ಆಕೆಯ ಗಂಡ ದಾನಿಯಾಲ್ ಕುಡಿತದ ದಾಸನಾಗಿದ್ದ. ಅವನ ಅಣ್ಣ ಮುರಾದ್ 1599ರಲ್ಲಿ ಕುಡಿತದಿಂದಲೇ ತೀರಿಕೊಂಡಿದ್ದ. ಈ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ಅಕ್ಬರ್ ಕಟ್ಟುನಿಟ್ಟಿನ ಕಾವಲು ಹಾಕಿಸಿದ. ಮದ್ಯ ಒಳಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಖಾನ್-ಎ-ಖಾನಾನ್ ಅಬ್ದುರ್ರಹೀಮನದು. ದಾನಿಯಾಲ್ ಸೇವಕರ ಮುಂದೆ ಅತ್ತು ಕರೆದ. ಅವರಲ್ಲೊಬ್ಬ ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿಕೊಂಡು ಬಂದ. ನಳಿಗೆಯ ತುಕ್ಕು, ಮದ್ದಿನ ಕರಿ ಎಲ್ಲವೂ ಅದರಲ್ಲಿ ಕರಗಿತ್ತು. ಅದನ್ನು ಕುಡಿದು ದಾನಿಯಾಲ್ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. 1605ರಲ್ಲಿ ಬುರ್ಹಾನ್‌ಪುರದಲ್ಲಿ ಸತ್ತಾಗ ಅವನಿಗೆ ಮೂವತ್ತಮೂರರ ಆಸುಪಾಸು. ಬಿಜಾಪುರದ ಮಗಳು ಮದುವೆಯಾದ ವರ್ಷದೊಳಗೇ ವಿಧವೆಯಾದಳು.

ಇದನ್ನು ಬರೆದವನು ದಾನಿಯಾಲನ ಹಿರಿಯ ಅಣ್ಣ ಜಹಾಂಗೀರ್. ಅವನೂ ಕುಡುಕನೇ. ತನ್ನ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಒಂದು ಬಟ್ಟಲಿನಿಂದ ಆರಂಭವಾದದ್ದು ಒಂಬತ್ತು ವರ್ಷಗಳಲ್ಲಿ ದಿನಕ್ಕೆ ಇಪ್ಪತ್ತು ಬಟ್ಟಲು ಭಟ್ಟಿ ಸಾರಾಯಿಗೆ ಮುಟ್ಟಿತು. ಕೈ ನಡುಗಿ ಬಟ್ಟಲು ಹಿಡಿಯಲಾಗದೆ ಬೇರೆಯವರು ಕುಡಿಸಬೇಕಾಯಿತು. ಆಗ ಹಕೀಮ್ ಹುಮಾಮ್ ಬಂದು, ಇದು ಇನ್ನು ಆರು ತಿಂಗಳು ಹೀಗೇ ನಡೆದರೆ ಔಷಧವೇ ಇಲ್ಲ ಎಂದು ನೇರವಾಗಿ ಹೇಳಿದ. ಆ ಮಾತು ನಾಟಿತು. ಏಳು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ, ತೀಕ್ಷ್ಣತೆಯನ್ನೂ ಇಳಿಸಿ, ಆರು ಬಟ್ಟಲಿಗೆ ತಂದ. ಪೂರ್ತಿ ಬಿಡಲಿಲ್ಲ. ಜೊತೆಗೆ ಅಫೀಮು ಸೇರಿಕೊಂಡಿತು. ಆದರೂ ಐವತ್ತೆಂಟರ ತನಕ ಬದುಕಿದ.

ಒಬ್ಬ ತಮ್ಮನಿಗೆ ಕಾವಲು, ಒಬ್ಬ ಅಣ್ಣನಿಗೆ ಹಕೀಮನ ಸತ್ಯದ ಮಾತು. ಕಾವಲಿನಲ್ಲಿದ್ದವನು ಸತ್ತ, ಹಕೀಮನ ಮಾತು ಕೇಳಿದವನು ಅರ್ಧವಾದರೂ ಉಳಿದ. ಜಹಾಂಗೀರ್ ನಮಗೆ ಮಾದರಿಯಲ್ಲ. ಆದರೆ ಕೋಣೆಯಲ್ಲಿ ಕೂಡಿಹಾಕಿ ಕೀಲಿ ಹಾಕಿದರೆ ಚಟ ಬಿಡುತ್ತದೆ ಎಂದು ಇಂದಿಗೂ ನಂಬುವ ಮನೆಗಳಿಗೆ ದಾನಿಯಾಲನ ಕಥೆ ಎಚ್ಚರಿಕೆ.

ಉಲಮಾಗಳು ಏನು ಹೇಳಿದ್ದರು?

ಮದ್ಯ ಹರಾಮ್. ಇದರಲ್ಲಿ ಎರಡು ಮಾತಿಲ್ಲ. ನಶೆ ತರುವ ಎಲ್ಲವೂ ಹರಾಮ್ ಎಂಬುದು ಪ್ರವಾದಿಯವರ(ಸ) ಸ್ಪಷ್ಟ ಆದೇಶ. ಆದರೆ ಆ ಆದೇಶ ಬಂದ ಕ್ರಮವನ್ನು ಗಮನಿಸಬೇಕು. ಮೊದಲು ಸೂರಃ ಅಲ್-ಬಕರಃದಲ್ಲಿ (2:219) ಇದರ ಕೇಡು ಲಾಭಕ್ಕಿಂತ ದೊಡ್ಡದೆಂಬ ತಿಳುವಳಿಕೆ. ಆಮೇಲೆ ಸೂರಃ ಅನ್ನಿಸಾದಲ್ಲಿ (4:43) ನಶೆಯಲ್ಲಿ ನಮಾಜಿನ ಹತ್ತಿರ ಹೋಗಬಾರದೆಂಬ ಕಟ್ಟಳೆ. ದಿನಕ್ಕೆ ಐದು ನಮಾಜ್ ಇರುವಾಗ ಕುಡಿಯುವ ಹೊತ್ತು ತಾನಾಗಿಯೇ ಕುಗ್ಗಿತು. ಕೊನೆಗೆ ಸೂರಃ ಅಲ್-ಮಾಇದಃದಲ್ಲಿ (5:90-91) ಪೂರ್ಣ ನಿಷೇಧ. ಆ ದಿನ ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತೆಂದು ಹಜರತ್ ಅನಸ್(ರ) ವರದಿ ಮಾಡಿದ್ದಾರೆ. ಮೊದಲ ದಿನವೇ ನಿಷೇಧ ಬಂದಿದ್ದರೆ ಜನ ಒಪ್ಪುತ್ತಿರಲಿಲ್ಲ ಎಂಬರ್ಥದ ಮಾತನ್ನು ಹಜರತ್ ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ.

ಇದೇ ಬುಖಾರಿಯಲ್ಲಿ ಇನ್ನೊಂದು ಘಟನೆಯಿದೆ. ಅಬ್ದುಲ್ಲಾ ಎಂಬ ಸಹಾಬಿ ಕುಡಿದ ತಪ್ಪಿಗೆ ಮತ್ತೆ ಮತ್ತೆ ಶಿಕ್ಷೆಗೆ ಗುರಿಯಾಗುತ್ತಿದ್ದರು. ಒಮ್ಮೆ ಅಲ್ಲಿದ್ದವರೊಬ್ಬರು ಅವರನ್ನು ಶಪಿಸಿದರು. ಪ್ರವಾದಿಯವರು(ಸ) ತಡೆದು, ಶಪಿಸಬೇಡಿ, ಈತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂದು ತಿಳಿಸಿದರು. ತಪ್ಪನ್ನು ತಪ್ಪೆಂದೇ ಎಣಿಸಿದರು. ಆದರೆ ಆ ಮನುಷ್ಯನನ್ನು ಜಮಾತಿನಿಂದ ಕಿತ್ತುಹಾಕಲಿಲ್ಲ. ಇಂಥದ್ದೇ ಇನ್ನೊಂದು ವರದಿಯಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂಬ ಎಚ್ಚರಿಕೆಯಿದೆ. ಬಹಿಷ್ಕಾರ ಬೇಡುವವರು ಇದನ್ನು ಯೋಚಿಸಬೇಕು. ಮಸೀದಿಯ ಬಾಗಿಲು ಮುಚ್ಚಿದರೆ ಆ ಹುಡುಗನಿಗೆ ತೆರೆದಿರುವ ಬಾಗಿಲು ಯಾವುದು?

ಪಾಪವೋ ರೋಗವೋ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಮಕ್ಕಾದ ಇಮಾಮ್ ಇಬ್ನ್ ಹಜರ್ ಹೈತಮಿ(ರಹ್). ಅವರು ತೀರಿಕೊಂಡದ್ದು ಹಿಜರಿ 974ರಲ್ಲಿ. ಆಗ ಬಿಜಾಪುರದಲ್ಲಿ ಮೊದಲನೇ ಅಲಿ ಆದಿಲ್ ಶಾಹಿಯ ಕಾಲ. ಅವರ ಮುಂದೆ ಬಂದ ಪ್ರಶ್ನೆ ಇದು: ಒಬ್ಬ ಅಫೀಮು ತಿನ್ನುವ ಚಟಕ್ಕೆ ಬಿದ್ದಿದ್ದಾನೆ. ಈಗ ತಿನ್ನದಿದ್ದರೆ ಸಾಯುವ ಸ್ಥಿತಿ. ಅವನೇನು ಮಾಡಬೇಕು? ಉತ್ತರದ ಸಾರ ಹೀಗಿದೆ. ಬಿಟ್ಟರೆ ಪ್ರಾಣ ಹೋಗುವುದು ಖಚಿತವಾದರೆ, ಹಸಿವಿನಿಂದ ಸಾಯುವವನಿಗೆ ನಿಷಿದ್ಧ ಆಹಾರ ಸಲ್ಲುವಂತೆ, ಪ್ರಾಣ ಉಳಿಯುವಷ್ಟು ಸಲ್ಲುತ್ತದೆ. ಆದರೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ, ಹೊಟ್ಟೆಗೆ ಗೊತ್ತಾಗದ ಹಾಗೆ ಅದರ ಹಂಬಲವನ್ನು ಬಿಡಿಸುವುದು ಅವನ ಮೇಲೆ ವಾಜಿಬ್. ಹಾಗೆ ಕಡಿಮೆ ಮಾಡುವ ಪ್ರಯತ್ನ ಬಿಟ್ಟರೆ ಅವನು ಪಾಪಿ. ನಮ್ಮ ಮದರಸಾಗಳಲ್ಲಿ 'ಶಾಮಿ' ಎಂದೇ ಹೆಸರಾದ ಗ್ರಂಥದಲ್ಲಿ ಇಬ್ನ್ ಆಬಿದೀನ್(ರಹ್) ಇದನ್ನು ಎತ್ತಿ ಬರೆದು, ಹನಫಿ ನಿಯಮಗಳಿಗೆ ಇದು ವಿರುದ್ಧವಲ್ಲ ಎಂಬ ಮಾತನ್ನೂ ಸೇರಿಸಿದ್ದಾರೆ.

ಈ ಫತ್ವಾದ ತೂಕ ನೋಡಿ. ದೇಹ ಕೈಮೀರಿದೆ ಎಂಬುದನ್ನು ಅದು ಒಪ್ಪುತ್ತದೆ, ಅದು ರೋಗದ ಭಾಗ. ಬಿಡುವ ದಾರಿಯಲ್ಲಿ ನಡೆಯುವುದು ನಿನ್ನ ಹೊಣೆ ಎನ್ನುತ್ತದೆ, ಅದು ಪಾಪಪುಣ್ಯದ ಭಾಗ. ನಾವು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಜಗಳವಾಡುತ್ತಿದ್ದೇವೆ. ಅವರು ಎರಡನ್ನೂ ಒಂದೇ ಉತ್ತರದಲ್ಲಿ ಇಟ್ಟಿದ್ದರು. ಇದನ್ನು ನೆಪ ಮಾಡಿಕೊಂಡು "ನಾನೂ ಸ್ವಲ್ಪ ಸ್ವಲ್ಪ ಬಿಡತೀನಿ" ಎಂದು ಗೆಳೆಯರ ಜೊತೆ ಕೂಡುವವನಿಗೆ ಇಲ್ಲಿ ಜಾಗವಿಲ್ಲ. ಪ್ರಾಣಕ್ಕೆ ಅಪಾಯವಿದೆಯೋ ಇಲ್ಲವೋ ಎಂದು ಹೇಳಬೇಕಾದವನು ವೈದ್ಯ.

ಅಬಕಾರಿಯಿಂದ ದಾರೂಬಂದಿಯವರೆಗೆ

ಬ್ರಿಟಿಷರ ಕಾಲದಲ್ಲಿ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಮಾದಕ ವಸ್ತು ಸರಕಾರದ ಆದಾಯದ ಬಾಬತ್ತಾಯಿತು. ಕುಡಿಯುವವನು ಪಾಪಿಯೂ ಅಲ್ಲ, ರೋಗಿಯೂ ಅಲ್ಲ, ಬರೀ ಗಿರಾಕಿ. ಗಾಂಜಾ, ಚರಸ್, ಭಂಗಿಯ ವಿಚಾರಣೆಗೆ 1893ರಲ್ಲಿ ಒಂದು ಆಯೋಗ ನೇಮಕವಾಗಿ, ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು, ಮಿತಬಳಕೆಯಿಂದ ಹೆಚ್ಚು ಹಾನಿಯಿಲ್ಲ, ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತು. ಅದೇ ಹೊತ್ತಿನ ಅಫೀಮು ಆಯೋಗವೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಸ್ವಾತಂತ್ರ್ಯದ ನಂತರ ಗಾಳಿ ತಿರುಗಿತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ನಮ್ಮ ಜಿಲ್ಲೆಗೂ ಅನ್ವಯಿಸಿತು. ಹಿರಿಯರು ಇದನ್ನೇ 'ದಾರೂಬಂದಿ' ಎನ್ನುತ್ತಿದ್ದುದು. ಕುಡಿದವನು ಈಗ ಅಪರಾಧಿ. ಆರೋಗ್ಯದ ಕಾರಣಕ್ಕೆ ಬೇಕೆಂದರೆ ಪರ್ಮಿಟ್ ಪಡೆಯಬೇಕು. ಉದ್ದೇಶ ಒಳ್ಳೆಯದು. ಸಂವಿಧಾನದ 47ನೇ ವಿಧಿಯೂ ಪಾನನಿಷೇಧದ ಕಡೆಗೇ ಬೆರಳು ತೋರುತ್ತದೆ. ಆದರೆ ಕಾಯ್ದೆ ಅಂಗಡಿಯನ್ನು ಮುಚ್ಚಿತು, ಕುಡಿತಕ್ಕೆ ಬಿದ್ದ ದೇಹಕ್ಕೆ ಏನು ಮಾಡಬೇಕೆಂದು ಹೇಳಲಿಲ್ಲ. ಕಳ್ಳಭಟ್ಟಿ ಹುಟ್ಟಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1960ರ ದಶಕದ ಕೊನೆಗೆ ಪಾನನಿಷೇಧ ಹೋಯಿತು. ಸಾರಾಯಿ ಹರಾಜು ಬಂತು. 2007ರ ಜುಲೈ 1ರಿಂದ ಸಾರಾಯಿಯೂ ಬಂದ್ ಆಯಿತು. ಪ್ಯಾಕೆಟ್ ಹೋಗಿ ಬಾಟಲಿ, ಬಾಟಲಿ ಹೋಗಿ ಟೆಟ್ರಾ ಪ್ಯಾಕ್ ಬಂತು. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಪೂರ್ಣ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಕೂಲಿ ಹಣ ಎಲ್ಲಿಗೆ ಹೋಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಡಿ ಕಡಿಮೆಯಾಗಲೇಬೇಕು. ಆದರೆ ಅಂಗಡಿ ಮುಚ್ಚುವುದು ಅರ್ಧ ಕೆಲಸ.

ಜೋಳಿಗೆ ಹಿಡಿದ ಅಪ್ಪಗಳು

ಉಳಿದರ್ಧ ಕೆಲಸವನ್ನು ನಮ್ಮ ನೆರೆಯಲ್ಲೇ ಒಬ್ಬರು ಮಾಡಿ ತೋರಿಸಿದರು. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಇಳಕಲ್. ಅಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಊರೂರಿಗೆ ಜೋಳಿಗೆ ಹಿಡಿದು ಹೊರಟರು. ಸ್ವಾಮಿಗಳು ಜೋಳಿಗೆಯಲ್ಲಿ ಕೇಳುವುದು ಕಾಳು, ಕಾಣಿಕೆ. ಇವರು ಕೇಳಿದ್ದು ಜನರ ಚಟಗಳನ್ನು. ಬೀಡಿ, ತಂಬಾಕು, ಸಾರಾಯಿ ಎಲ್ಲವನ್ನೂ ಇದರಲ್ಲಿ ಹಾಕಿ, ಮತ್ತೆ ಮುಟ್ಟುವುದಿಲ್ಲವೆಂದು ಮಾತು ಕೊಡಿ ಎಂದರು. ಇದಕ್ಕೆ 'ಮಹಾಂತ ಜೋಳಿಗೆ' ಎಂಬ ಹೆಸರೇ ಬಿತ್ತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಗೆ ಇದು ಹೊಸತಲ್ಲ. ಹೆಂಡ ಮಾರುವ ಕಾಯಕದ ಮಾರಯ್ಯನಿಗೂ ಶರಣರ ಸಾಲಿನಲ್ಲಿ ಜಾಗವಿತ್ತು. ಮನುಷ್ಯನನ್ನು ಅವನು ಬಿದ್ದ ಜಾಗದಿಂದ ಎತ್ತುವ ದಾರಿ ಅದು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳೂ ಹೀಗೆಯೇ. ಊರವರೇ ಸಮಿತಿ ಮಾಡಿಕೊಂಡು ಎಂಟು ದಿನ ಒಂದೆಡೆ ಇಟ್ಟು ಊಟ, ವ್ಯಾಯಾಮ, ಸಲಹೆ, ವೈದ್ಯರ ತಪಾಸಣೆ ಕೊಡುತ್ತಾರೆ. ಹೊರಬಂದವರನ್ನು ಗುಂಪು ಕಟ್ಟಿ ವಾರವಾರ ಸೇರಿಸುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ತಿರುಳೂ ಇದೇ: ಒಂಟಿಯಾಗಿ ಬಿಡಲಾಗದ್ದನ್ನು ಕೂಡಿ ಬಿಡುವುದು.

ವೈದ್ಯರು ಕಂಡದ್ದು

ಕುಡಿತ ಒಂದು ರೋಗವೆಂದು ವೈದ್ಯರು ಬರೆಯತೊಡಗಿ ಇನ್ನೂರು ವರ್ಷ ದಾಟಿದೆ. ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್ 1804ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದ. 1976ರಲ್ಲಿ ಎಡ್ವರ್ಡ್ಸ್ ಮತ್ತು ಗ್ರಾಸ್ ಎಂಬ ವೈದ್ಯರು ಇದರ ಲಕ್ಷಣಗಳನ್ನು ಪಟ್ಟಿ ಮಾಡಿದರು: ಹಂಬಲ, ಪ್ರಮಾಣ ಏರುತ್ತ ಹೋಗುವುದು, ಬಿಟ್ಟರೆ ನಡುಕ, ನಡುಕ ತಡೆಯಲು ಮತ್ತೆ ಕುಡಿಯುವುದು. ಜಹಾಂಗೀರ್ ತನ್ನ ಬಗ್ಗೆ ಬರೆದುಕೊಂಡದ್ದು ಇದನ್ನೇ. ಇತ್ತೀಚಿನ ವಿಜ್ಞಾನಿಗಳು ಇದನ್ನು ಮೆದುಳಿನ ಕಾಯಿಲೆ ಎನ್ನುತ್ತಾರೆ. ಹಾಗೆಂದು ಮೆದುಳೊಂದೇ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದ್ವಾಂಸೆ ಅಧ್ಯಯನ ಮಾಡಿದರು. ಊರಿಗೆ ಮರಳಿದ ಮೇಲೆ ಬಹುಪಾಲು ಮಂದಿ ಮತ್ತೆ ಚಟಕ್ಕೆ ಬೀಳಲಿಲ್ಲ. ಜಾಗ ಬದಲಾಯಿತು, ಜೊತೆ ಬದಲಾಯಿತು, ಚಟ ಸಡಿಲಾಯಿತು. ಕೆಟ್ಟ ಸಂಗ ಬಿಡಿಸಿ ಎನ್ನುವ ನಮ್ಮ ಹಿರಿಯರ ಮಾತಿಗೆ ಇದು ಸಾಕ್ಷಿ.

ಅಫೀಮು ಜಾತಿಯ ಚಟಕ್ಕೆ ಮೆಥಡೋನ್, ಬ್ಯೂಪ್ರಿನಾರ್ಫಿನ್ ಎಂಬ ಔಷಧಗಳನ್ನು ವೈದ್ಯರ ನಿಗಾದಲ್ಲಿ ಕೊಡುತ್ತಾರೆ. ನಶೆಗೆ ನಶೆಯೇ ಮದ್ದೇ ಎಂದು ಕೇಳುವವರಿದ್ದಾರೆ. ಇಬ್ನ್ ಹಜರರ ಫತ್ವಾ ನೆನಪಿಸಿಕೊಳ್ಳಿ. ಮಲೇಷ್ಯಾದ ಕ್ವಾಲಾಲಂಪುರದಲ್ಲಿ ಅರ್-ರಹ್ಮಾನ್ ಮಸೀದಿಯಲ್ಲೇ ವಿಶ್ವವಿದ್ಯಾಲಯದ ವೈದ್ಯರು ಮೆಥಡೋನ್ ಚಿಕಿತ್ಸೆ ನಡೆಸಿದರು. ಒಂದೇ ಅಂಗಳದಲ್ಲಿ ಔಷಧವೂ ದೀನಿನ ತಾಲೀಮೂ ಸಿಕ್ಕವು.

ರಮಜಾನಿಗೆ ಮೊದಲು ತಿಳಿಯಬೇಕಾದ್ದು

ಈಗ ಅತ್ಯಂತ ಮುಖ್ಯವಾದ ಮಾತು. ರಮಜಾನ್ ಚಂದ್ರ ಕಂಡ ರಾತ್ರಿ ಎಷ್ಟೋ ಯುವಕರು ತೌಬಾ ಮಾಡಿ ಒಮ್ಮೆಲೇ ಕುಡಿತ ಬಿಡುತ್ತಾರೆ. ಇದು ಸಂತೋಷದ ವಿಷಯ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಜ್ವರ, ಬೆವರು, ವಿಪರೀತ ನಡುಕ, ಇಲ್ಲದ್ದನ್ನು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಮನೆಯವರು ಇದನ್ನು ಜಿನ್ನಿನ ಹಾವಳಿ ಎಂದುಕೊಂಡು ಕಟ್ಟಿಹಾಕುತ್ತಾರೆ, ಆಮಿಲರನ್ನು ಕರೆಸುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಕೆಲವು ದಿನ ಔಷಧ ಕೊಟ್ಟು, ದಿನದಿನಕ್ಕೂ ಅದನ್ನು ಇಳಿಸುತ್ತ, ಥಯಾಮಿನ್ ಎಂಬ ವಿಟಮಿನ್ ಕೊಟ್ಟು ದಾಟಿಸುತ್ತಾರೆ. ಆದ್ದರಿಂದ ಅಂಥವನು ಶಾಬಾನ್ ತಿಂಗಳಲ್ಲೇ ವೈದ್ಯರನ್ನು ಕಾಣಲಿ. ರಮಜಾನಿನಲ್ಲಿ ಚಿಕಿತ್ಸೆ ನಡೆದಿದ್ದರೆ ರೋಗಿಗೆ ಶರೀಅತ್ ಕೊಟ್ಟ ರಿಯಾಯಿತಿ ಅವನಿಗೂ ಇದೆ, ಗುಣವಾದ ಮೇಲೆ ಕಜಾ ರೋಜಾ ಹಿಡಿಯಲಿ.

ಇನ್ನೊಂದು ಅಪಾಯ, ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸುವ ಕುಡಿತ ಬಿಡಿಸುವ ಪುಡಿ, ಮಾತ್ರೆ. ಡೆನ್ಮಾರ್ಕಿನಲ್ಲಿ 1940ರ ದಶಕದಲ್ಲಿ ಗುರುತಿಸಿದ ಡೈಸಲ್ಫಿರಾಮ್ ಎಂಬ ಔಷಧವಿದೆ. ಅದನ್ನು ತಿಂದವನು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ. ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಕದ್ದು ಕೊಟ್ಟರೆ ಜೀವಕ್ಕೇ ಸಂಚಕಾರ.

ಸರಪಳಿಯ ಮಾತನ್ನೂ ಹೇಳಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಯೂ ಈ ಕಾಯ್ದೆಯೊಳಗೆ ಬರುತ್ತದೆ.

ಪೊಲೀಸರ ಹೆದರಿಕೆಯಿಂದ ಗಾಂಜಾ ಚಟವನ್ನು ಮುಚ್ಚಿಡುವ ಮನೆಗಳಿವೆ. 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವಾದದ್ದು. ಆದರೆ ಅದರ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆಯಿರುವ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ ಆ ಮೊಕದ್ದಮೆಯಿಂದ ರಕ್ಷಣೆಯಿದೆ. ಮಾರುವವನಿಗೆ ಈ ರಿಯಾಯಿತಿ ಇಲ್ಲ, ಇರಲೂಬಾರದು.

ಎಲ್ಲಿಗೆ ಹೋಗಬೇಕು? ವಿಜಯಪುರದ ಜಿಲ್ಲಾಸ್ಪತ್ರೆ, ಅಲ್-ಅಮೀನ್ ಮತ್ತು ಬಿಎಲ್‌ಡಿಇ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ವ್ಯಸನದ ಬಗ್ಗೆ ಉಚಿತ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಮತ್ತೆ ಜಮಾತಿನ ಕೆಲಸವೇನು? ಪ್ರತಿ ಮಸೀದಿಯಲ್ಲಿ ಇಬ್ಬರು ಮೂವರು ಹಿರಿಯರು, ಅವರ ಜೊತೆಗೆ ಚಟ ಬಿಟ್ಟು ಗಟ್ಟಿಯಾದ ಒಬ್ಬಿಬ್ಬರು, ಮನೆಯವರ ಗುಟ್ಟು ಕಾಯುವ ಮಾತು ಕೊಟ್ಟು ಈ ಹೊಣೆ ಹೊರಲಿ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಬಡವನಿದ್ದರೆ ಬಸ್ಸಿನ, ಔಷಧದ ಖರ್ಚನ್ನು ಬೈತುಲ್‌ಮಾಲ್ ನೋಡಿಕೊಳ್ಳಲಿ. ಚಿಕಿತ್ಸೆ ಮುಗಿಸಿ ಬಂದವನಿಗೆ ಕೆಲಸ ಹುಡುಕಿಕೊಡಲಿ, ಇಶಾ ನಮಾಜಿನ ನಂತರದ ಹೊತ್ತಿನಲ್ಲಿ ಅವನ ಜೊತೆ ಕೂಡಲಿ. ಆ ಹೊತ್ತೇ ಹಳೆಯ ಗೆಳೆಯರು ಕರೆಯುವ ಹೊತ್ತು. ಒಮ್ಮೆ ಜಾರಿ ಬಿದ್ದರೆ "ನಾವು ಹೇಳಿದ್ದೆವಲ್ಲ" ಎನ್ನದೆ ಮತ್ತೆ ಕೈ ಹಿಡಿಯಲಿ. ತಾವೀಜ್ ಕೇಳಿ ಬಂದ ತಾಯಿಗೆ ನಾವು ದುಆ ಮಾಡೋಣ, ಆಸ್ಪತ್ರೆಯ ದಾರಿಯನ್ನೂ ತೋರಿಸೋಣ. ರೋಗ ಇಳಿಸಿದ ಅಲ್ಲಾಹನೇ ಅದಕ್ಕೆ ಔಷಧವನ್ನೂ ಇಳಿಸಿದ್ದಾನೆಂದು ಕಲಿಸಿದವರು ನಮ್ಮ ಪ್ರವಾದಿಯವರೇ(ಸ).

ಯಾ ಅಲ್ಲಾಹ್, ನಮ್ಮ ಮಕ್ಕಳನ್ನು ನಶೆಯ ಬಲೆಯಿಂದ ಕಾಪಾಡು. ಬಲೆಗೆ ಬಿದ್ದವರಿಗೆ ಬಿಡಿಸಿಕೊಳ್ಳುವ ಬಲ ಕೊಡು. ಅವರ ತಾಯಂದಿರ, ಹೆಂಡತಿ ಮಕ್ಕಳ ಕಣ್ಣೀರು ಒರೆಸು. ಬಿದ್ದವರನ್ನು ಎತ್ತುವವರ ಸಾಲಿನಲ್ಲಿ ನಮ್ಮನ್ನು ನಿಲ್ಲಿಸು. ಆಮೀನ್.